ರಿಪೋರ್ಟ್ ನಾರ್ಮಲ್, ಆದರೂ ಎದೆ ಧಡಧಡ: ಕಾಯಿಲೆಯ ಅಂಜಿಕೆಯಿಂದ ಹೊರಬರುವ ದಾರಿ

"ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ ಅಂತಾರ್ರಿ. ಆದ್ರ ನನಗ ಆಗೋದಂತೂ ಆಗ್ಲಿಕತ್ತದ."

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವ ನನಗೆ ಈ ಮಾತು ಕಿವಿಗೆ ಬೀಳದ ವಾರವಿಲ್ಲ. ಹೇಳುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಊರಿನ ಎರಡು ದವಾಖಾನೆಯ ಚೀಟಿ, ಸೋಲಾಪುರದಲ್ಲಿ ಮಾಡಿಸಿದ ಎಕೋ, ಹೈದರಾಬಾದಿನ ಎಂಡೋಸ್ಕೋಪಿ. ಇ.ಸಿ.ಜಿ. ಕಾಗದ ಎಷ್ಟು ಹಳೆಯದೆಂದರೆ ಗೆರೆಗಳೇ ಮಾಸಿಹೋಗಿರುತ್ತವೆ. ಎಲ್ಲದರ ಕೊನೆಗೂ ನಾರ್ಮಲ್ ಅಂತಲೇ ಬರೆದಿರುತ್ತದೆ. ಆದರೂ ಅವರಿಗೆ ನಿದ್ದೆಯಿಲ್ಲ.

ಇದು ಅಂಥವರಿಗೆ ಮತ್ತು ಅವರ ಮನೆಯವರಿಗಾಗಿ ಬರೆದದ್ದು. ನಾನು ಫಾರ್ಮಾಸಿಸ್ಟ್, ಡಾಕ್ಟರ್ ಅಲ್ಲ. ಕೆಳಗಿನ ವಿಧಾನಗಳು ಮನೋವೈದ್ಯರು ಮತ್ತು ಆಪ್ತಸಮಾಲೋಚಕರು ದಿನವೂ ಹೇಳಿಕೊಡುವಂಥವು. ಶುರುವಿಗೇ ಒಂದು ಮಾತು: ನಿಮಗೆ ಆಗುತ್ತಿರುವುದು ನಿಜ. ಎದೆ ಹೊಡೆದುಕೊಳ್ಳುವುದು, ಕೈ ಜುಂ ಅನ್ನುವುದು, ಹೊಟ್ಟೆ ಉರಿಯುವುದು ಯಾವುದೂ ನಾಟಕವಲ್ಲ. ಅಂಜಿಕೆಯೇ ಇವೆಲ್ಲವನ್ನೂ ದೇಹದಲ್ಲಿ ಮಾಡಿ ತೋರಿಸಬಲ್ಲದು. ಅದನ್ನು ಹೋಗಲಾಡಿಸಲು ನಾವು ಮಾಡುವ ಪರೀಕ್ಷೆಗಳೇ ಆ ಅಂಜಿಕೆಗೆ ಮೇವಾಗುತ್ತವೆ. ಇದು ಒಮ್ಮೆ ಮನಸ್ಸಿಗೆ ಹಿಡಿದರೆ ಮುಂದಿನದು ಅಭ್ಯಾಸದ ಕೆಲಸ.

ಮೊದಲು: ಒಬ್ಬರೇ ಡಾಕ್ಟರ್, ಒಂದು ಪೂರ್ತಿ ತಪಾಸಣೆ

"ಇದು ಬರೀ ಟೆನ್ಷನ್" ಎಂದು ನೀವೇ ತೀರ್ಮಾನಿಸಬೇಡಿ, ಪಕ್ಕದ ಮನೆಯವರೂ ತೀರ್ಮಾನಿಸುವುದು ಬೇಡ. ರಕ್ತ ಕಡಿಮೆ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಗುತ್ತದೆ, ತೂಕ ಇಳಿಯುತ್ತದೆ, ಮನಸ್ಸು ಚಡಪಡಿಸುತ್ತದೆ. ಬಿ12 ಕೊರತೆಯಿಂದ ಕೈಕಾಲು ಜುಮುಗುಟ್ಟುತ್ತವೆ. ಹಾಗಾಗಿ ಎಂ.ಬಿ.ಬಿ.ಎಸ್. ಅಥವಾ ಎಂ.ಡಿ. ಮೆಡಿಸಿನ್ ಡಾಕ್ಟರ್ ಒಬ್ಬರನ್ನು ಆರಿಸಿಕೊಳ್ಳಿ. ಆಗುತ್ತಿರುವುದನ್ನೆಲ್ಲ ಒಂದೇ ಸಲ ಹೇಳಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ.ಪಿ., ಇ.ಸಿ.ಜಿ. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಅವರು ಹೇಳಲಿ. ಆಮೇಲೆ ಈ ಎರಡು ಪ್ರಶ್ನೆ ಕೇಳಿ: "ಇನ್ನು ಏನಾದರೂ ಪರೀಕ್ಷೆ ಬಾಕಿ ಇದೆಯಾ? ಮತ್ತೆ ಯಾವಾಗ ಬರಬೇಕು?" ಅವರು ಆರು ತಿಂಗಳು ಅಂದರೆ ಆರು ತಿಂಗಳೇ.

ಇ.ಸಿ.ಜಿ. ತೆಗೆಸಿದ ದಿನವೇ ಅದರ ಜೆರಾಕ್ಸ್ ಮಾಡಿಸಿಡಿ. ಅದು ಶಾಖಕ್ಕೆ ಅಚ್ಚಾಗುವ ಕಾಗದ. ನಮ್ಮೂರಿನ ಬಿಸಿಲಿಗೆ ಬೇಗ ಮಾಸುತ್ತದೆ. ಕಾಗದ ಮಾಸಿದೆ ಎಂಬ ಒಂದೇ ಕಾರಣಕ್ಕೆ ಮತ್ತೆ ಇ.ಸಿ.ಜಿ. ತೆಗೆಸಿದವರನ್ನು ನಾನು ಬಲ್ಲೆ.

ತಡಮಾಡಬಾರದ ಲಕ್ಷಣಗಳೂ ಇವೆ. ಎದೆಯ ಮಧ್ಯೆ ಭಾರ ಇಟ್ಟಂಥ ನೋವು ಬಂದು ಕೆಲವು ನಿಮಿಷವಾದರೂ ಬಿಡದಿರುವುದು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವುದು, ಜೊತೆಗೆ ತಣ್ಣನೆ ಬೆವರು, ವಾಂತಿ. ನಡೆದರೆ ಬಂದು ನಿಂತರೆ ಹೋಗುವ ಎದೆನೋವು. ಮುಖ ಒಂದು ಕಡೆ ವಾಲುವುದು, ಮಾತು ತೊದಲುವುದು, ಒಂದು ಕೈ ಏಳದಿರುವುದು. ಎಚ್ಚರ ತಪ್ಪಿ ಬೀಳುವುದು. ಇಂಥದ್ದೇನಾದರೂ ಆದರೆ 108ಕ್ಕೆ ಫೋನ್ ಮಾಡಿ. ಈ ಲೇಖನ ಓದಿದ್ದೇವಲ್ಲ ಎಂದು ಕಾಯುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತದ ನೋವು ಇಷ್ಟು ಸ್ಪಷ್ಟವಾಗಿ ಇರದೆಯೂ ಇರಬಹುದು. ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು ಹೃದಯ ತಜ್ಞರಿರುವ ಕಡೆಗೆ ಕಳಿಸಿ ಓದಿಸುತ್ತಾರೆ. ಹೃದಯಾಘಾತ ಖಾತ್ರಿಯಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಇಂಥ ಹೊತ್ತಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಹೊರಡುವುದಕ್ಕಿಂತ ಹತ್ತಿರದ ಆಸ್ಪತ್ರೆ ತಲುಪುವುದು ಮುಖ್ಯ.

ಮುಂದಿನದೆಲ್ಲ ತಪಾಸಣೆ ಮುಗಿದು, ಡಾಕ್ಟರ್ "ಏನೂ ಇಲ್ಲ" ಅಂದ ಮೇಲಿನ ಕಥೆ.

ಏನೂ ಇಲ್ಲದಿದ್ದರೆ ಇದೆಲ್ಲ ಆಗುವುದಾದರೂ ಯಾಕೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮನಸ್ಸು ತನ್ನಷ್ಟಕ್ಕೆ ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಆ ಉತ್ತರ ಯಾವಾಗಲೂ ಹಾರ್ಟ್ ಅಥವಾ ಕ್ಯಾನ್ಸರ್ ಆಗಿರುತ್ತದೆ.

ಅಪಾಯ ಅನ್ನಿಸಿದ ಕೂಡಲೇ ಕಿಡ್ನಿಯ ಮೇಲೆ ಕೂತಿರುವ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಾಲಿನ್ ಬಿಡುತ್ತವೆ. ಓಡಿಹೋಗಲು ಇಲ್ಲವೇ ಎದುರು ನಿಲ್ಲಲು ದೇಹ ಮಾಡಿಕೊಳ್ಳುವ ತಯಾರಿ ಅದು. ಮನೆ ನಾಯಿ ಕಳ್ಳ ಬಂದರೂ ಬೊಗಳುತ್ತದೆ, ಬೀಗರು ಬಂದರೂ ಬೊಗಳುತ್ತದೆ. ನಮ್ಮ ದೇಹವೂ ಹಾಗೆಯೇ. ನಿಜವಾದ ಅಪಾಯಕ್ಕೂ, "ನನಗೇನೋ ಆಗಿದೆ" ಎಂಬ ಯೋಚನೆಗೂ ಅದು ಒಂದೇ ರೀತಿ ಏಳುತ್ತದೆ. ಹೃದಯ ಜೋರಾಗಿ ಹೊಡೆಯುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುವುದರಿಂದ ಬೆರಳು ತಣ್ಣಗಾಗುತ್ತವೆ. ಬಾಯಿ ಒಣಗುತ್ತದೆ, ಹೊಟ್ಟೆ ಕಲಕುತ್ತದೆ, ಮೂತ್ರಕ್ಕೆ ಮತ್ತೆ ಮತ್ತೆ ಹೋಗಬೇಕು ಅನ್ನಿಸುತ್ತದೆ.

ಉಸಿರಿನ ಕಥೆ ಬೇರೆ. ಗಾಬರಿಯಲ್ಲಿ ನಾವು ಬೇಗಬೇಗ ಉಸಿರು ಎಳೆಯುತ್ತೇವೆ. ಆಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಅದು ಇಳಿದರೆ ಮೆದುಳಿನ ರಕ್ತನಾಳಗಳು ಸ್ವಲ್ಪ ಬಿಗಿಯುತ್ತವೆ, ತಲೆ ಗಿರ್ ಅನ್ನುತ್ತದೆ. ಬೆರಳ ತುದಿ, ತುಟಿಯ ಸುತ್ತ ಜುಂ ಅನ್ನುತ್ತದೆ. ಕೆಲವರಿಗೆ ಕೈಬೆರಳು ಸೆಟೆದುಕೊಳ್ಳುವುದೂ ಉಂಟು. ಉಸಿರು ಸಾಲುತ್ತಿಲ್ಲ ಅನ್ನಿಸುವ ಆ ಹೊತ್ತಿನಲ್ಲಿ ನೀವು ಉಸಿರಾಡುತ್ತಿರುವುದು ಜಾಸ್ತಿಯೇ. ಇನ್ನಷ್ಟು ದೊಡ್ಡ ಉಸಿರು ಎಳೆದಷ್ಟೂ ತೊಂದರೆ ಹೆಚ್ಚುತ್ತದೆ.

ಮಧ್ಯೆ ಒಂದು ಬಡಿತ ತಪ್ಪಿ, ಎದೆ ಧಸ್ ಅಂದ ಹಾಗಾಗುತ್ತದಲ್ಲ? ಒಂದು ಬಡಿತ ಸ್ವಲ್ಪ ಮುಂಚೆಯೇ ಬಂದು, ಆಮೇಲೆ ಚಿಕ್ಕ ಬಿಡುವು, ಅದರ ನಂತರದ ಬಡಿತ ಜೋರು. ಆ ಜೋರು ಬಡಿತವೇ ನಿಮಗೆ ಗೊತ್ತಾಗುವುದು. ಆರೋಗ್ಯವಾಗಿರುವ ಎಷ್ಟೋ ಜನರ ಹೃದಯ ದಿನದಲ್ಲಿ ಹೀಗೆ ಮಾಡುತ್ತದೆ. ಕಾಯುತ್ತಾ ಕೂರದವರಿಗೆ ಅದು ತಿಳಿಯುವುದೇ ಇಲ್ಲ.

ಗಮನಕ್ಕೂ ಭಾರಿ ಶಕ್ತಿ ಇದೆ. ಈಗಲೇ ನೋಡಿ: ಒಂದು ನಿಮಿಷ ನಿಮ್ಮ ಬಲಗಾಲಿನ ಹೆಬ್ಬೆರಳಿನ ಮೇಲೆ ಮಾತ್ರ ಮನಸ್ಸಿಡಿ. ಬೆಚ್ಚಗೆ, ಏನೋ ಹರಿದ ಹಾಗೆ, ಜುಮುಗುಟ್ಟಿದ ಹಾಗೆ ಅನ್ನಿಸಲು ಶುರುವಾಗುತ್ತದೆ. ಒಂದು ನಿಮಿಷದ ಹಿಂದೆ ಅದು ಗೊತ್ತೇ ಇರಲಿಲ್ಲ, ಅಲ್ವಾ? ಇನ್ನೊಂದು: ಐದಾರು ಸಲ ಬೆನ್ನುಬೆನ್ನಿಗೆ ಎಂಜಲು ನುಂಗಿ. ನಾಲ್ಕನೆಯದೋ ಐದನೆಯದೋ ಕಷ್ಟವಾಗುತ್ತದೆ, ಯಾಕೆಂದರೆ ಬಾಯಲ್ಲಿ ಎಂಜಲೇ ಉಳಿದಿರುವುದಿಲ್ಲ. "ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗ ಆಗ್ತದ" ಎಂದು ದಿನವಿಡೀ ನುಂಗಿ ನುಂಗಿ ನೋಡುವವರಿಗೆ ಆಗುವುದೂ ಇದೇ. ಕುತ್ತಿಗೆಯ ಗಂಟನ್ನು ದಿನಕ್ಕೆ ಹತ್ತಾರು ಸಲ ಒತ್ತಿ ನೋಡಿದರೆ ಅಲ್ಲಿ ನೋವು ಬಂದೇ ಬರುತ್ತದೆ. ಆ ನೋವೇ ಮರುದಿನ ಹೊಸ ಲಕ್ಷಣವಾಗುತ್ತದೆ.

ಗಾಬರಿ ಏರಿದಾಗ ಹೀಗೆ ಮಾಡಿ

ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವ ತನಕ ಅದಕ್ಕೆ ಹೊಸ ಮೇವು ಹಾಕದಿರುವುದಷ್ಟೇ ನಿಮ್ಮ ಕೆಲಸ.

ಇರುವಲ್ಲೇ ಕೂತುಕೊಳ್ಳಿ. ಪಾದ ನೆಲಕ್ಕೆ ತಾಗಲಿ, ಹೆಗಲು ಕೆಳಗೆ ಬಿಡಿ. ಒಂದು ಕೈ ಹೊಟ್ಟೆಯ ಮೇಲಿರಲಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ದೊಡ್ಡ ಉಸಿರು ಬೇಡ, ಸಣ್ಣದಾಗಿ ಸಾಕು. ಬಿಡುವ ಉಸಿರು ಉದ್ದವಿರಬೇಕು, ಅಷ್ಟೇ. ಐದು ನಿಮಿಷ ಹೀಗೆ ಮಾಡಿ. ಮುಖಕ್ಕೆ ಚೀಲ ಹಿಡಿದು ಉಸಿರಾಡುವ ಹಳೆಯ ಉಪಾಯ ಬೇಡ. ಅದು ಅಪಾಯ.

"ಇದು ಅಂಜಿಕೆ. ನನಗೆ ಗೊತ್ತು. ಬರಲಿ, ಇರಲಿ, ಹೋಗುತ್ತದೆ" ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅದನ್ನು ಓಡಿಸಲು ಜಗ್ಗಾಡಬೇಡಿ. ನಾಡಿ ಹಿಡಿಯಬೇಡಿ. ಸ್ವಲ್ಪ ಹಗುರವಾದ ಮೇಲೆ ಮಾಡುತ್ತಿದ್ದ ಕೆಲಸಕ್ಕೇ ಮರಳಿ. ರೊಟ್ಟಿ ಬಡಿಯುತ್ತಿದ್ದರೆ ಉಳಿದ ಹಿಟ್ಟಿನದು ಬಡಿದು ಮುಗಿಸಿ, ಅಂಗಡಿಯಲ್ಲಿದ್ದರೆ ಮುಂದಿನ ಗಿರಾಕಿಯನ್ನು ಮಾತಾಡಿಸಿ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೆಲಸ ಮಾಡಬಹುದು ಎಂದು ದೇಹಕ್ಕೆ ತಿಳಿಯುವುದು ಹೀಗೆಯೇ. ರಾತ್ರಿಯಾದರೆ ಎದ್ದು ಕೂತು ಇದನ್ನೇ ಮಾಡಿ. ಮೊಬೈಲ್ ಮಾತ್ರ ಮುಟ್ಟಬೇಡಿ.

ಪರೀಕ್ಷಿಸಿಕೊಳ್ಳುವುದನ್ನು ಕಡಿಮೆ ಮಾಡುವುದು

ಎಲ್ಲಕ್ಕಿಂತ ಕಷ್ಟದ್ದು ಇದೇ, ಫಲ ಜಾಸ್ತಿ ಸಿಗುವುದೂ ಇಲ್ಲೇ.

ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಮನೆಗೆ ಬಂತು. ಆಗ ಅದು ಬೇಕಿತ್ತು. ಈಗಲೂ ಕೆಲವರು ಅದನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇಲ್ಲವೇ ಮೆಹಂದಿ ಇದ್ದರೆ ಅದು ತಪ್ಪು ಅಂಕಿ ತೋರಿಸಬಹುದು. ಗಾಬರಿಯಲ್ಲಿ ಬೆರಳು ತಣ್ಣಗೇ ಇರುತ್ತದೆ! ಬಿ.ಪಿ. ಮಷೀನ್ ಕೂಡ ಹಾಗೆಯೇ. ಅಂಜಿಕೊಂಡು ಪಟ್ಟಿ ಕಟ್ಟಿದರೆ ಅಂಕಿ ಏರುತ್ತದೆ. ಏರಿದ್ದು ನೋಡಿ ಇನ್ನೂ ಅಂಜಿಕೆ, ಎರಡನೇ ಸಲ ನೋಡಿದರೆ ಇನ್ನೂ ಮೇಲೆ. ಬಿ.ಪಿ. ಇದೆಯೆಂದು ಡಾಕ್ಟರ್ ನೋಡಲು ಹೇಳಿದ್ದರೆ ಅವರು ಹೇಳಿದ ದಿನ, ಹೇಳಿದ ಹೊತ್ತಿಗೆ, ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡಿ ಬರೆದಿಡಿ. ಹೇಳಿರದಿದ್ದರೆ ನಿಮಗೆ ಮಷೀನ್ ಬೇಕಿಲ್ಲ. ಮಾರುವ ಅಂಗಡಿಯವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಮೂರು ದಿನ ಒಂದು ಚಿಕ್ಕ ಡೈರಿಯಲ್ಲಿ ಗೆರೆ ಹಾಕಿ. ನಾಡಿ ಹಿಡಿದದ್ದಕ್ಕೆ ಒಂದು, ಕನ್ನಡಿಯಲ್ಲಿ ನಾಲಿಗೆ ನೋಡಿದ್ದಕ್ಕೆ ಒಂದು, ಗೂಗಲ್ ಮಾಡಿದ್ದಕ್ಕೆ ಒಂದು, "ನನಗೇನೂ ಆಗಂಗಿಲ್ಲ ಅಲ್ಲ?" ಎಂದು ಕೇಳಿದ್ದಕ್ಕೆ ಒಂದು. ಸುಮ್ಮನೆ ಎಣಿಸಿ, ಬದಲಾಯಿಸಲು ಹೋಗಬೇಡಿ. ನಾಲ್ಕನೆಯ ದಿನದಿಂದ ಮುಂದೂಡಲು ಶುರುಮಾಡಿ. ನಾಡಿ ನೋಡಬೇಕು ಅನ್ನಿಸಿದಾಗ ಹದಿನೈದು ನಿಮಿಷ ಬಿಟ್ಟು ನೋಡುತ್ತೇನೆ ಅಂದುಕೊಳ್ಳಿ. ಆ ಹದಿನೈದು ನಿಮಿಷ ತುಂಬಾ ಚಡಪಡಿಕೆ ಆಗುತ್ತದೆ, ಆಗಲಿ. ಎಷ್ಟೋ ಸಲ ಆ ಹೊತ್ತಿಗೆ ಆಸೆಯೇ ಇಳಿದಿರುತ್ತದೆ. ಮುಂದಿನ ವಾರ ಅರ್ಧ ತಾಸು, ಅದರ ಮುಂದಿನ ವಾರ ದಿನಕ್ಕೆ ಒಂದೇ ಸಲ. ಮಷೀನನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ, ಅಲಮಾರಿಯಲ್ಲಿಟ್ಟು ಬೀಗ ಹಾಕಲಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಹಿಡಿಯಿರಿ.

ಮೊಬೈಲಿನದು ದೊಡ್ಡ ಸಮಸ್ಯೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ರಾಜ್ಯದಲ್ಲಿ ಹೃದಯದ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಅದೇ ಆಯಿತು. ಎಲ್ಲರಿಗೂ ಆ ದುಃಖ ಆಯಿತು, ಅದು ಸಹಜ. ಆದರೆ ಇಂಥ ವಿಡಿಯೋ ನಾಲ್ಕು ನೋಡಿದರೆ ಐದನೆಯದನ್ನು ಮೊಬೈಲ್ ತಾನೇ ತಂದು ಮುಂದೆ ಇಡುತ್ತದೆ. "ಹೃದಯಾಘಾತದ 7 ಲಕ್ಷಣ" ಎಂಬಂಥ ಚಾನೆಲ್‌ಗಳನ್ನು ಬಿಟ್ಟುಬಿಡಿ. ಬಂದ ರೀಲ್ ಮೇಲೆ ಒತ್ತಿ ಹಿಡಿದು, ಇದು ಬೇಡ ಎಂಬ ಆಯ್ಕೆ ಒತ್ತಿ. ಲಕ್ಷಣ ಟೈಪ್ ಮಾಡಿ ಹುಡುಕುವುದನ್ನು ಪೂರ್ತಿ ನಿಲ್ಲಿಸಿ. ಇದರಲ್ಲಿ ಸ್ವಲ್ಪ ಸ್ವಲ್ಪ ಎಂಬುದು ನಡೆಯುವುದಿಲ್ಲ.

ಯೋಚನೆಗೂ ಒಂದು ಹೊತ್ತು ಕೊಡಬಹುದು. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ, ಪೆನ್ನು ಕಾಗದ ಹಿಡಿದು, ಎಲ್ಲ ಅಂಜಿಕೆಗಳನ್ನೂ ಬರೆಯಿರಿ. ದಿನದ ಉಳಿದ ಹೊತ್ತಿನಲ್ಲಿ ಬಂದ ಯೋಚನೆಗೆ "ಆರಕ್ಕೆ ಬಾ" ಅನ್ನಿ. ಕೇಳಲು ಸಣ್ಣ ವಿಷಯ ಅನ್ನಿಸುತ್ತದೆ. ಮಾಡಿ ನೋಡಿ.

ಮನೆಯವರಿಗೆ

"ಯವ್ವಾ, ಎದಿ ಮ್ಯಾಲ ಕೈ ಇಟ್ಟು ನೋಡು, ಜಾಸ್ತಿ ಹೊಡ್ಕೊಲಿಕತ್ತದ ಅಲ್ಲ?"

"ಏನೂ ಆಗಿಲ್ಲ ತಗೋ, ಮಲ್ಕೋ."

ಮಗ ಕೇಳುತ್ತಾನೆ, ತಾಯಿ ಪ್ರೀತಿಯಿಂದಲೇ ಹೇಳುತ್ತಾಳೆ. ಅವನಿಗೆ ಅರ್ಧ ತಾಸು ನೆಮ್ಮದಿ. ಆಮೇಲೆ ಮತ್ತೆ ಅದೇ ಪ್ರಶ್ನೆ. "ಏನೂ ಆಗಿಲ್ಲ" ಎಂಬುದು ದಿನಕ್ಕೆ ಇಪ್ಪತ್ತು ಸಲ ಬೇಕಾದರೆ ಅದೂ ಒಂದು ಚಟವೇ. ಇದರ ಬದಲು ಹೀಗೆ ಹೇಳಿ ನೋಡಿ: "ಅಂಜಿಕಿ ಬಂದದ ಕಾಣ್ತದ. ಬಾ, ಬಾಜೂ ಕೂಡು. ಹತ್ತು ನಿಮಿಷ ಇಬ್ಬರೂ ಕೂಡಮು." ಕಾಯಿಲೆ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ, ಜೊತೆಗಿರಿ. ಹೀಗೆ ಹೇಳುತ್ತೇವೆ ಎಂದು ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು. ಇಲ್ಲದಿದ್ದರೆ ತನ್ನನ್ನು ಕಡೆಗಣಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ.

"ಕೆಲಸ ಇಲ್ಲದ್ದಕ್ಕೆ ಹಿಂಗ ಆಗ್ತದ", "ಎಲ್ಲಾ ನಿನ್ನ ಭ್ರಮಾ" ಅನ್ನಬೇಡಿ. ನಾಲ್ಕು ಜನರ ಮುಂದಂತೂ ಬೇಡವೇ ಬೇಡ. ದರ್ಗಾಕ್ಕೆ ಹೋಗಿ ಬರುತ್ತೇವೆ, ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಅಲ್ಲಿ ಮನಸ್ಸಿಗೆ ಸಮಾಧಾನ ಸಿಗುವುದು ನಿಜ. ಅದರ ಜೊತೆಗೆ ಚಿಕಿತ್ಸೆಯೂ ನಡೆಯಲಿ.

ದೇಹವನ್ನು ಸ್ವಲ್ಪ ತಣ್ಣಗಿಡುವುದು

ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದರೆ ಯಾರಿಗೇ ಆಗಲಿ ಎದೆಬಡಿತ ಏರುತ್ತದೆ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆ. ಅಂಜಿಕೆ ಇರುವವರು ಅದನ್ನು ಹಾರ್ಟ್ ಎಂದುಕೊಳ್ಳುತ್ತಾರೆ. ಮಜ್ಜಿಗೆ, ನೀರು ಆಗಾಗ ಕುಡಿಯಿರಿ. ಚಹಾ ಎರಡು ಕಪ್ಪಿಗೆ ಇಳಿಸಿ, ಸಂಜೆಯ ನಂತರ ಬೇಡ. ಗುಟ್ಕಾ, ಸಿಗರೇಟಿನ ನಿಕೋಟಿನ್ ಎದೆಬಡಿತ ಏರಿಸುತ್ತದೆ. ಅದನ್ನು ಬಾಯಲ್ಲಿಟ್ಟುಕೊಂಡೇ "ಎದಿ ಯಾಕ ಹೊಡ್ಕೊಂತದ್ರಿ" ಎಂದು ಕೇಳುವವರು ಇದ್ದಾರೆ. ರಾತ್ರಿ ಖಾರ, ಎಣ್ಣೆ ಜಾಸ್ತಿ ತಿಂದು ಕೂಡಲೇ ಮಲಗಿದರೆ ಹುಳಿ ಮೇಲೆ ಬಂದು ಎದೆ ಉರಿಯುತ್ತದೆ. ಊಟಕ್ಕೂ ನಿದ್ದೆಗೂ ಎರಡು ಮೂರು ತಾಸಿನ ಅಂತರ ಇಡಿ.

ನಡೆಯುವುದು ಔಷಧಿಯಷ್ಟೇ ಮುಖ್ಯ. ಎದೆಗೆ ತೊಂದರೆ ಎಂಬ ಭಯದಲ್ಲಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿದ್ದಾರೆ. ದೇಹ ಬಳಕೆ ತಪ್ಪಿದಂತೆ ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತದೆ, ಅದೇ ಮತ್ತೆ ಭಯ ಹುಟ್ಟಿಸುತ್ತದೆ. ಡಾಕ್ಟರ್ ಸರಿ ಅಂದಿದ್ದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡಿ. ಕಲಬುರಗಿಯಲ್ಲಿ ಅಪ್ಪನ ಕೆರೆಯ ದಂಡೆ ಇದೆ, ಬೀದರಿನವರಿಗೆ ಕೋಟೆಯ ಒಳಗಿನ ದಾರಿ ಇದೆ. ಮೊದಲ ವಾರ ಹತ್ತು ನಿಮಿಷ, ಆಮೇಲೆ ಏರಿಸುತ್ತಾ ಹೋಗಿ. ಯಾದಗಿರಿಯಲ್ಲಿ ಗುಡ್ಡದ ಮೇಲಿನ ಕೋಟೆ ಕೆಲವು ವಾರದ ನಂತರದ ಗುರಿಯಾಗಲಿ. ಹತ್ತುವಾಗ ಎದೆ ಜೋರಾಗಿ ಹೊಡೆಯುತ್ತದೆ, ಹೊಡೆಯಲೇಬೇಕು.

ಇಷ್ಟಾದರೂ ಹಿಡಿತಕ್ಕೆ ಬರದಿದ್ದರೆ

ಮನೋವೈದ್ಯರ ಹತ್ತಿರ ಹೋಗಲು ಹುಚ್ಚು ಹಿಡಿಯಬೇಕಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಅಲ್ಲಿ ಕೇಳಿಕೊಳ್ಳಿ. ಮನೆಯಿಂದಲೇ ಮಾತಾಡಬೇಕಾದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿ ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಕಟಕ್ಕಿಂತ ಸಾಯುವುದೇ ಮೇಲು ಎಂಬ ಯೋಚನೆ ಬಂದಿದ್ದರೆ ಇವತ್ತೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಇದಕ್ಕೆ ಚಿಕಿತ್ಸೆ ಎರಡು ಬಗೆ. ಒಂದು ಮಾತಿನ ಚಿಕಿತ್ಸೆ, ಸಿ.ಬಿ.ಟಿ. ಅನ್ನುತ್ತಾರೆ. ಮೇಲೆ ಬರೆದ ಹೆಜ್ಜೆಗಳನ್ನೇ ನಿಮ್ಮ ಅಂಜಿಕೆಗೆ ತಕ್ಕ ಹಾಗೆ, ಜೊತೆಗೆ ಕೂತು ಮಾಡಿಸುತ್ತಾರೆ. ಇನ್ನೊಂದು ಗುಳಿಗೆ. ಎಸ್ಸಿಟಾಲೋಪ್ರಾಮ್, ಸೆರ್ಟ್ರಾಲಿನ್‌ನಂಥವು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ವಾಕರಿಕೆ, ಚಡಪಡಿಕೆ ಸ್ವಲ್ಪ ಜಾಸ್ತಿಯೇ ಆಗಬಹುದು. "ನಾಲ್ಕು ದಿನ ತಗೊಂಡೆ, ಇನ್ನೂ ಹೆಚ್ಚಾಯ್ತು, ಬಿಟ್ಟೆ" ಅನ್ನುವವರೇ ಬಹಳ. ಹಾಗಾದರೆ ಬಿಡುವ ಮೊದಲು ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಈ ಗುಳಿಗೆಗಳು ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಅಲ್‌ಪ್ರಾಜೋಲಮ್ ಮಾತು ಬೇರೆ. "ನಿದ್ದಿ ಗುಳಿಗಿ ಎರಡು ಕೊಡ್ರಿ, ಸಂಜಿಕ ಚೀಟಿ ತರ್ತೀನಿ" ಎಂದು ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅದನ್ನು ನುಂಗಿದರೆ ಬೇಗ ಹಾಯೆನಿಸುತ್ತದೆ, ಅದಕ್ಕೇ ಚಟ ಬೇಗ ಹತ್ತುತ್ತದೆ. ಕೆಲವು ವಾರಗಳಲ್ಲೇ ದೇಹಕ್ಕೆ ಅದಿಲ್ಲದೆ ಆಗದಂತಾಗಿ, ಬಿಟ್ಟರೆ ಅಂಜಿಕೆ ಮೊದಲಿಗಿಂತ ಜೋರಾಗುತ್ತದೆ. ಅದು ಷೆಡ್ಯೂಲ್ ಎಚ್1 ಔಷಧಿ. ಚೀಟಿ ನೋಡಿ, ಡಾಕ್ಟರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಕೊಡಬೇಕು, ಆ ರಿಜಿಸ್ಟರ್ ಮೂರು ವರ್ಷ ಇಡಬೇಕು ಎಂಬುದು ಕಾನೂನು. ನಾವು ಇಲ್ಲ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಮೊದಲ ಭೇಟಿಗೆ ಹೋಗುವಾಗ ಆ ಪ್ಲಾಸ್ಟಿಕ್ ಚೀಲದ ಎಲ್ಲವನ್ನೂ ಒಯ್ಯಬೇಕಿಲ್ಲ. ಒಂದು ಹಾಳೆ ಸಾಕು. ಯಾವಾಗ ಶುರುವಾಯಿತು, ಆಗ ಮನೆಯಲ್ಲಿ ಏನು ನಡೆದಿತ್ತು, ಯಾವ ಕಾಯಿಲೆಯ ಅಂಜಿಕೆ ಜಾಸ್ತಿ, ದಿನಕ್ಕೆ ಎಷ್ಟು ಸಲ ಪರೀಕ್ಷಿಸಿಕೊಳ್ಳುತ್ತೀರಿ, ಏನೇನು ಮಾಡುವುದನ್ನು ಬಿಟ್ಟಿದ್ದೀರಿ, ಯಾವ ಗುಳಿಗೆ ನಡೆಯುತ್ತಿದೆ. ಇದರ ಜೊತೆ ಕೊನೆಯ ತಪಾಸಣೆಯ ರಿಪೋರ್ಟ್ ಮಾತ್ರ ಇರಲಿ.

ಚೇತರಿಸಿಕೊಂಡ ಮೇಲೂ ಒಂದಲ್ಲ ಒಂದು ದಿನ ಹೊಸ ನೋವು ಬರುತ್ತದೆ. ಪಕ್ಕದ ಓಣಿಯಲ್ಲಿ ಚಿಕ್ಕ ವಯಸ್ಸಿನವರೊಬ್ಬರು ತೀರಿಕೊಂಡ ಸುದ್ದಿ ಬಂದ ವಾರವೇ ಅದು ಬರುವ ಸಾಧ್ಯತೆ ಜಾಸ್ತಿ. ಮೇಲೆ ಹೇಳಿದ ಅಪಾಯದ ಲಕ್ಷಣ ಅಲ್ಲದಿದ್ದರೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಎರಡು ವಾರ ಬಿಡಿ. ಎರಡು ವಾರದ ನಂತರವೂ ಇದ್ದರೆ, ಇಲ್ಲವೇ ಅಷ್ಟರೊಳಗೇ ಹೆಚ್ಚುತ್ತಾ ಹೋದರೆ, ಮೊದಲು ಆರಿಸಿಕೊಂಡ ಅದೇ ಡಾಕ್ಟರಿಗೆ ತೋರಿಸಿ.